ಚಪ್ಪಲಿ ಮಂಕರಿ
ಗೆಟ್ಟವಾಡಿಯ ಕುಡಿತ ಬಿಡಿಸುವ ಸಂಘಕ್ಕೆ ಪುಟ್ಟನಂಜಮ್ಮನೇ ಕಾರ್ಯದರ್ಶಿ, ಕಾವಲುಗಾರ್ತಿ, ಬಾಗಿಲ ಅಗಳಿ. ಹೊತ್ತಿಳಿದು ಗಂಡಸರ ಕಾಲು ಸರ್ಕಾರದ ಬ್ರಾಂದಿ ಅಂಗಡಿಯತ್ತ ಎಳೆಯುವ ವೇಳೆಗೇ ವಾರಕ್ಕೊಮ್ಮೆ ಸಭೆ ಕರೆಯುತ್ತಾಳೆ. ಆಕೆಯ ಕೆಮ್ಮು ಕೇಳಿದರೆ ಬಾಟಲಿಯ ಬಿರಡೆ ತಾನಾಗಿಯೇ ಮುಚ್ಚಿಕೊಳ್ಳುತ್ತದೆ ಎಂದು ಊರು ನಗುತ್ತದೆ. ಬಂದವರ ಚಪ್ಪಲಿಗಳನ್ನೆಲ್ಲ ಬಾಗಿಲಲ್ಲೇ ಮಂಕರಿಗೆ ತುಂಬಿ ಪಕ್ಕದಲ್ಲಿ ಕೂತುಬಿಡುತ್ತಾಳೆ. ಮಧ್ಯೆ ಎದ್ದವನಿಗೆ, "ಓಗ್ಲಾ, ಜಾಲಿಮುಳ್ಳು ತುಳ್ಕಂಡು ಓಗು, ಬ್ಯಾಡ ಅಂದೋರ್ಯಾರು?" ಎನ್ನುತ್ತಾಳೆ, ಅವನು ತೆಪ್ಪಗೆ ಕೂರುತ್ತಾನೆ. ಹೀಗೆ ಕೂತು ಕೂತೇ ಕುಡಿತ ಬಿಟ್ಟವರು ಊರಲ್ಲಿ ಹಲವರಿದ್ದಾರೆ. ಆದರೆ ಯಾರೂ ಬರುವ ಮೊದಲೇ ಮಂಕರಿಯ ತಳದಲ್ಲಿ ಒಂದು ಜೊತೆ ಚಪ್ಪಲಿ ಇರುತ್ತದೆ. ಅದು ಮಗ ಮನೋಹರನದು. ಹುಡುಕಿಕೊಂಡಾದರೂ ಸಭೆಗೆ ಬರಲಿ ಎಂದು ಆಕೆಯೇ ಮನೆಯಿಂದ ಎತ್ತಿ ತಂದದ್ದು. ಅವನು ಆ ಮುಳ್ಳುದಾರಿಯಲ್ಲಿ ಬರಿಗಾಲಲ್ಲೇ ಅಂಗಡಿಗೆ ಹೋಗಿಬರುತ್ತಾನೆ. ಸಭೆ ಮುಗಿಸಿ ಬಂದವಳು ಅವನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಪಿನ್ನಿನಿಂದ ಮುಳ್ಳು ತೆಗೆಯುತ್ತ, "ಬರೋ ವಾರನೂವೆ ನಿನ್ನ ಮೆಟ್ಟು ಎತ್ಕಂಡೋಯ್ತಿನಿ ಕಣ್ಲಾ" ಎನ್ನುತ್ತಾಳೆ.