ಬಿಲ್ಲೆಯ ಬೆನ್ನು

ತಂಗಿ ಒಬ್ಬ ಐರಿಶ್ ಹುಡುಗನನ್ನು ಮೆಚ್ಚಿದ್ದಾಳೆ ಎಂಬ ಸುದ್ದಿ ಮುಟ್ಟಿದ ವಾರದಲ್ಲೇ ಅಮ್ಮ ಬೆಂಗಳೂರಿನಿಂದ ಟಿಕೆಟ್ ಮಾಡಿಸಿದರು. ಹುಡುಗನನ್ನು ನೋಡಲು ಹೋಗುತ್ತಿದ್ದೇನೆ ಎಂದು ನೆಂಟರಿಗೆಲ್ಲ ಹೇಳಿದ್ದರು. ಬೇಡ ಅನ್ನಲಿಕ್ಕೇ ಬರುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ಅಮ್ಮ ಅಕ್ಕಸಾಲಿಗರ ಮನೆ ಮಗಳು, ನಗರ್ತಪೇಟೆಯಲ್ಲಿ ತಾತನ ಕುಲುಮೆಯ ಪಕ್ಕ ಕೂತೇ ಬೆಳೆದವರು. ನಮ್ಮಲ್ಲಿ ಹೆಣ್ಣು ಕೊಡುವುದು, ತರುವುದು ಎಲ್ಲ ಅಕ್ಕಸಾಲಿಗರ ಮನೆಗಳಲ್ಲೇ. ತಂಗಿಯೂ ಏನು ಕಡಿಮೆ ಹಟದವಳಲ್ಲ. ಅಮ್ಮ ಒಪ್ಪದೆ ಮದುವೆಯಾಗುವುದಿಲ್ಲ, ಬೇರೆಯವನನ್ನಂತೂ ಆಗುವುದೇ ಇಲ್ಲ ಅಂದುಬಿಟ್ಟಿದ್ದಳು. ಇಬ್ಬರ ನಡುವೆ ಸಿಕ್ಕಿಕೊಂಡವಳು ನಾನು, ಐರ್ಲೆಂಡಿನ ಲಿಮೆರಿಕ್‌ನ ಆಸ್ಪತ್ರೆಯಲ್ಲಿ ಡಾಕ್ಟರಾಗಿ ನೆಮ್ಮದಿಯಾಗಿದ್ದವಳು.

ಹುಡುಗನ ಕೆಲಸ ಏನೆಂದು ಅಮ್ಮನಿಗೆ ವಿವರಿಸುವುದೇ ಒಂದು ಪಾಡಾಯಿತು. ಹೊಸ ಕಟ್ಟಡ ಏಳುವ ಮುಂಚೆ ಆ ಜಾಗವನ್ನು ಅಗೆದು, ಹಳೇ ಕಾಲದ ಜನ ಬಿಟ್ಟುಹೋದ ಬಾಚಣಿಗೆ, ಒಡೆದ ಪಾತ್ರೆ ಹುಡುಕುವವನು ಅಂದೆ. ಮಣ್ಣು ಅಗೆಯಲು ಅಷ್ಟು ಓದಬೇಕೇ ಅಂದರು. ಅವನು ಓದಿದ್ದು ಸಾವಿರ ವರ್ಷಕ್ಕೂ ಹಿಂದೆ ಹಡಗುಗಳಲ್ಲಿ ಬಂದ ವೈಕಿಂಗರ ಬಗ್ಗೆ. ಇಂಗ್ಲೆಂಡಿಗೆ ಬಂದ ಅವರಿಗೂ ಅಲ್ಲಿಯ ಸ್ಯಾಕ್ಸನ್ನರಿಗೂ ಮೊದಮೊದಲು ಹೇಗೆ ಒಡನಾಟ ಬೆಳೆಯಿತು ಎಂಬುದರ ಬಗ್ಗೆ. ನಮ್ಮ ಲಿಮೆರಿಕ್ ಊರು ಶುರುವಾದದ್ದೂ ವೈಕಿಂಗರಿಂದಲೇ. ವಿಷಯ ಅಮ್ಮನಿಗೂ ರುಚಿಸಲಿ ಎಂದು ನಾನೊಂದು ಬುದ್ಧಿವಂತಿಕೆ ಮಾಡಿದೆ. ಲೈಬ್ರರಿಯಿಂದ ವೈಕಿಂಗರ ಒಂದು ದಪ್ಪ ಕಾದಂಬರಿ ತಂದು, ಸಂಜೆ ಅಮ್ಮ ಹುರುಳಿಕಾಯಿ ಬಿಡಿಸುವಾಗ ಕನ್ನಡದಲ್ಲಿ ಹೇಳುತ್ತಾ ಹೋದೆ. ಮೊದಲ ಅಧ್ಯಾಯದಲ್ಲೇ ಅವರು ಸ್ಯಾಕ್ಸನ್ನರ ಹಳ್ಳಿಗೆ ಬೆಂಕಿಯಿಟ್ಟು, ಹಿಟ್ಟಿನ ಗಿರಣಿಯವನ ಮಗಳನ್ನು ಹೊತ್ತುಕೊಂಡು ಹೋದರು. ಎರಡನೆಯ ಅಧ್ಯಾಯಕ್ಕೆ ಅವಳಿಗೆ ಹೊತ್ತೊಯ್ದವನ ಮೇಲೇ ಪ್ರೀತಿ! ಇರಲಾರದವ ಇರುವೆ ಬಿಟ್ಟುಕೊಂಡ ಅಂತಾರಲ್ಲ, ಹಾಗಾಯಿತು ನನ್ನ ಕಥೆ. ಆ ಹುಡುಗಿಯ ತಾಯಿ ಏನಾದಳು ಎಂದು ಅಮ್ಮ ಕೇಳಿದರು. ನಾನು ಪುಟ ತಿರುವಿ ತಿರುವಿ ನೋಡಿದೆ, ತಾಯಿಯ ಸುದ್ದಿಯೇ ಇರಲಿಲ್ಲ. ಆಮೇಲೆ ವಾರವೆಲ್ಲ ಅಮ್ಮ ನಮ್ಮ ಹುಡುಗನನ್ನು 'ಹೊತ್ಕೊಂಡು ಹೋಗೋನು' ಎಂದೇ ಕರೆದರು.

ಅಮ್ಮ ವಾಪಸು ಹೊರಡಲು ಎರಡೇ ದಿನ ಉಳಿದಿದ್ದ ಭಾನುವಾರ, ಡಬ್ಲಿನ್ ಬಳಿಯ ಸ್ಯಾಂಡಿಫರ್ಡ್‌ನಲ್ಲಿ ಕೆಲಸ ಮಾಡುವ ತಂಗಿ ಅವನನ್ನು ಕರೆದುಕೊಂಡು ಊಟಕ್ಕೆ ಬಂದಳು. ನಾನು ಬಿಸಿಬೇಳೆಬಾತ್ ಮಾಡಿದ್ದೆ. ಖಾರಕ್ಕೆ ಕಣ್ಣು ಮೂಗೆಲ್ಲ ಸುರಿಯುತ್ತಿದ್ದರೂ ಅವನು ಗ್ರ್ಯಾಂಡ್, ಗ್ರ್ಯಾಂಡ್ ಅನ್ನುತ್ತಾ ಎರಡು ಸಲ ಹಾಕಿಸಿಕೊಂಡ. ಅಮ್ಮ ತಟ್ಟೆಯಿಂದ ತಲೆಯೆತ್ತದೆ ಊಟ ಮಾಡುತ್ತಿದ್ದರು. ತಡೆಯಲಾರದೆ ನಾನೇ ಕಾದಂಬರಿಯ ವಿಷಯ ಎತ್ತಿದೆ. ಅವನು ನಕ್ಕುಬಿಟ್ಟ. ಕಥೆ ಬರೆಯುವವರಿಗೆ ಬೆಂಕಿ ಬೇಕು, ನೆಲದಡಿಯಲ್ಲಿ ತನಗೆ ಸಿಗುವುದು ಹೆಚ್ಚಾಗಿ ಅಡುಗೆಮನೆಗಳು ಅಂದ. ಚೀಲದಿಂದ ರೂಪಾಯಿಗಿಂತ ತುಸು ದೊಡ್ಡದಾದ ಒಂದು ಬಿಲ್ಲೆ ತೆಗೆದು ಅಮ್ಮನ ಮುಂದಿಟ್ಟ. ಆ ಕಾಲದ ಹೆಂಗಸರು ಬಟ್ಟೆ ಜಾರದಂತೆ ಸಿಕ್ಕಿಸಿಕೊಳ್ಳುತ್ತಿದ್ದದ್ದು. ಇಂಗ್ಲೆಂಡಿನ ಹೊಲವೊಂದರಲ್ಲಿ ಸಿಕ್ಕಿದ್ದರ ನಕಲು, ಶಾಲೆಗಳಲ್ಲಿ ತೋರಿಸಲು ಇಟ್ಟುಕೊಂಡಿದ್ದ.

ಅಮ್ಮ ಅದರ ಚಿತ್ತಾರದ ಕಡೆ ನೋಡಲೂ ಇಲ್ಲ. ಅಕ್ಕಸಾಲಿಗರ ಮಗಳು ಒಡವೆಯ ಬೆನ್ನು ನೋಡಿದ ಮೇಲೇ ಮುಖ ನೋಡುವುದು. ಬಿಲ್ಲೆ ಮಗುಚಿ, ಪಿನ್ನು ಕೂರುವ ಕೊಂಡಿಯನ್ನು ಉಗುರಿನಿಂದ ಮೀಟಿ ಮೀಟಿ ನೋಡಿದರು. ಅವನು ಊಟ ನಿಲ್ಲಿಸಿದ. ಇಷ್ಟು ಜನಕ್ಕೆ ತೋರಿಸಿದ್ದೇನೆ, ಮೊದಲು ಹಿಂದೆ ತಿರುಗಿಸಿದವರು ಇವರೇ ಅಂದ. ಮುಂದಿನ ಚಿತ್ತಾರ ವೈಕಿಂಗರ ಮಾದರಿಯದಂತೆ, ಹಿಂದಿನ ಕೊಂಡಿ ಸ್ಯಾಕ್ಸನ್ನರದಂತೆ. ತೊಟ್ಟವಳು ಯಾವ ಕಡೆಯವಳು ಎಂದು ಓದಿದವರು ಇನ್ನೂ ವಾದ ಮಾಡುತ್ತಿದ್ದಾರಂತೆ. ನಾನು ಅದನ್ನೆಲ್ಲ ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ.

"ಇದ್ರಲ್ಲಿ ವಾದ ಏನಿದೆ?" ಅಂದರು ಅಮ್ಮ. "ಸ್ಯಾಕ್ಸನ್ನರ ಹುಡುಗಿ. ಮುಂದಿಂದು ಊರಿಗೆ ಕಾಣೋಕೆ, ಗಂಡನ ಮನೆ ಥರ. ಹಿಂದಿಂದು ಅವಳ ಬೆರಳಿಗೆ, ತಾಯಿ ಮನೆ ಥರ. ಹೊತ್ಕೊಂಡು ಹೋದ ಹುಡುಗೀನ, ನಿಂಗೆ ಯಾವ ಕೊಂಡಿ ಬೇಕಮ್ಮ ಅಂತ ಯಾರಾದ್ರೂ ಕೇಳ್ತಾರಾ? ಇವಳನ್ನ ಕೇಳಿದಾರೆ."

ಹೂಂ ಅಂದುಬಿಡಪ್ಪ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವನು ಅನ್ನಲಿಲ್ಲ. ಹಾಗೂ ಇರಬಹುದು, ಆದರೆ ಬಿಲ್ಲೆ ಮಾಡಿದವನು ಸ್ಯಾಕ್ಸನ್ನನಾಗಿದ್ದು ಅವನಿಗೆ ಆ ಕೊಂಡಿಯೊಂದೇ ಬರುತ್ತಿದ್ದಿರಬಹುದು, ಅವಳು ಸಂತೆಯಲ್ಲಿ ಕಂಡದ್ದನ್ನು ಕೊಂಡಿರಬಹುದು ಅಂದ. ನನಗೆ ಅವನ ತಲೆಗೆ ಮೊಟಕುವಷ್ಟು ಸಿಟ್ಟು ಬಂತು. ಸುಳ್ಳು ಅನುವಾದ ಮಾಡಿಬಿಡಲೇ ಅನ್ನಿಸಿತು, ಮಾಡಲಿಲ್ಲ. ಅಮ್ಮ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಹೆಂಗಸರು ಕೇಳಿದ್ದನ್ನು ಮಾಡಿಕೊಡದಿದ್ದರೆ ಅಕ್ಕಸಾಲಿಯ ಅಂಗಡಿ ಮೂರು ದಿನ ನಡೆಯದು ಅಂದರು. ಅವನು ಮತ್ತೊಂದು ಹೇಳಿದ. ಅಮ್ಮ ಅದನ್ನೂ ಕಡಿದುಹಾಕಿದರು. ಅರ್ಧ ಗಂಟೆ ಹೀಗೇ ನಡೆಯಿತು, ಬಾತ್ ಆರಿ ಗಟ್ಟಿಯಾಯಿತು. ಅಮ್ಮನ ಕಣ್ಣಲ್ಲಿ ಖುಷಿ ಕಂಡು ನನಗೇ ಆಶ್ಚರ್ಯ. ಹೂಂಗುಟ್ಟುವ ಗಂಡಸರನ್ನು ಅವರು ಯಾವತ್ತೂ ಲೆಕ್ಕಕ್ಕಿಟ್ಟವರಲ್ಲ. ಕಡೆಗೆ ಅವನು ಪುಸ್ತಕ ತೆಗೆದು, ಅಮ್ಮ ಕೊಂಡಿಯ ಬಗ್ಗೆ ಹೇಳಿದ್ದನ್ನೆಲ್ಲ ನನ್ನಿಂದ ಮತ್ತೆ ಕೇಳಿ ಬರೆದುಕೊಂಡ.

ಅಮ್ಮ ಬಿಲ್ಲೆಯನ್ನು ಅವನ ಕೈಗೆ ಕೊಟ್ಟು, ನನ್ನ ಕಡೆ ತಿರುಗಿದರು. ನಮ್ಮಲ್ಲಿ ಮಾಂಗಲ್ಯದ ಸರಕ್ಕೆ ಎರಡು ತಾಳಿ ಇರುತ್ತವೆ, ಒಂದು ತಾಯಿ ಮನೆಯದು, ಇನ್ನೊಂದು ಗಂಡಿನ ಮನೆಯದು.

"ತಾಯಿ ಮನೆ ತಾಳಿ ನಾನು ಮಾಡಿಸ್ತೀನಿ," ಅಂದರು. "ಗಂಡಿನ ಮನೇದ್ರ ಮೇಲೆ ಏನು ಚಿತ್ತಾರ ಇರ್ಬೇಕು ಅಂತ ಅವರಮ್ಮನ್ನ ಕೇಳ್ಕೊಂಡು ಬರೋಕೆ ಹೇಳು."

ತಂಗಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ದಿನವಿಡೀ ಆಡುವ ಇಂಗ್ಲಿಷು ನನ್ನ ಬಾಯಿಂದ ಒಂದಕ್ಷರ ಹೊರಡಲಿಲ್ಲ. ಅವನು ಬಿಲ್ಲೆಯನ್ನು ಬಿಗಿಯಾಗಿ ಹಿಡಿದುಕೊಂಡು ನಮ್ಮ ಮೂವರ ಮುಖವನ್ನೂ ನೋಡಿದ. ಎಲ್ಲ ಮುಗಿಯಿತು ಅಂದುಕೊಂಡಿರಬೇಕು, ಮುಖ ಬಿಳಿಚಿಕೊಂಡಿತ್ತು.

"ಏನೇ ಸುಮ್ನೆ ಕೂತೆ?" ಅಂದರು ಅಮ್ಮ. "ಹೇಳೇ ಬೇಗ. ಪಾಪ, ಹೆದರ್ಕೊಂಡಿದಾರೆ."