ಹೊಳೆಯಾಚೆಯ ಅಕ್ಕ, ಉದ್ದನೆಯ ಲೆನ್ಸು

ನಮ್ಮಕ್ಕನನ್ನು ಕೊಟ್ಟದ್ದು ತುಂಗಭದ್ರೆಯ ಆಚೆ ದಂಡೆಯ ಊರಿಗೆ. ಆಗಿನ್ನೂ ಏಕೀಕರಣ ಆಗಿರಲಿಲ್ಲ. ನಮ್ಮ ಹಿರೇಹಂದಿಗೋಳ ಮುಂಬಯಿ ರಾಜ್ಯದಲ್ಲಿತ್ತು, ಅಕ್ಕನ ಊರು ಬೇರೆ ರಾಜ್ಯದಲ್ಲಿ. ಅದರಿಂದ ನಮಗೇನೂ ತೊಂದರೆ ಇರಲಿಲ್ಲ, ಹರಿಗೋಲಿನಲ್ಲಿ ದಾಟಿದರೆ ಆಯಿತು. ಆದರೆ ಅಕ್ಕನ ಮೈದುನನಿಗೆ ನನ್ನನ್ನು ಕೇಳಿದರು. ನಾನು ಓದಿ ಶಾಲೆಯಲ್ಲಿ ಕಲಿಸಬೇಕೆಂದು ಹಟ ಹಿಡಿದಿದ್ದೆ. ಅಪ್ಪ ನನ್ನ ಪರವಾಗಿ ನಿಂತು, "ಆಗೂದಿಲ್ರಿ" ಅಂದುಬಿಟ್ಟ. ಅಂದಿನಿಂದ ಅಕ್ಕನನ್ನು ತವರಿಗೆ ಕಳಿಸುವುದು ನಿಂತಿತು. ನಾಗರಪಂಚಮಿಗೂ ಕಳಿಸಲಿಲ್ಲ. ಅಪ್ಪನೂ ಕರೆಯಲು ಹೋಗಲಿಲ್ಲ.

ಅಣ್ಣ ಆಗ ಗದಗಿನಲ್ಲಿ ಫೋಟೋ ತೆಗೆಯುವ ಕೆಲಸ ಹಿಡಿದಿದ್ದ. ಬೆಟಗೇರಿಯಲ್ಲಿದ್ದ ಬಿಳಿಯ ಎಂಜಿನಿಯರೊಬ್ಬ ದೇಶ ಬಿಟ್ಟು ಹೋಗುವಾಗ ತನ್ನ ಹಳೆಯ ಜರ್ಮನ್ ಕ್ಯಾಮೆರಾವನ್ನು ಅವನಿಗೆ ಕೊಟ್ಟುಹೋಗಿದ್ದ. ಅದರ ಲೆನ್ಸಿನೊಳಗೆ ಜೇಡರ ಬಲೆಯಂತೆ ಬೂಷ್ಟು ಹಿಡಿದಿತ್ತು. ಬೇರೆ ಲೆನ್ಸು ಕೂಡಿಸಬಹುದಾದ ಕ್ಯಾಮೆರಾ ಅದು. ಹಳೆಯದೊಂದನ್ನು ಹುಡುಕಲು ಅಣ್ಣ ಹುಬ್ಬಳ್ಳಿಗೆ ಹೊರಟಾಗ ನಾನೂ ಹೋದೆ.

ಅಂಗಡಿಯಲ್ಲಿ ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆವು. ಒಂದಕ್ಕೆ ನಡುವೆಯೇ ಗೀರು. ಇನ್ನೊಂದರ ಫೋಕಸ್ ಬಳೆ ತಿರುಗಲೇ ಒಲ್ಲದು. ಕೊನೆಗೆ ಎರಡು ಉಳಿದವು. ಒಂದು ಗಿಡ್ಡದು, ನಿತ್ಯದ ಕೆಲಸಕ್ಕೆ ಒದಗುವಂಥದು. ಇನ್ನೊಂದು ಉದ್ದನೆಯದು, ದೂರದ್ದನ್ನು ಹತ್ತಿರ ತರುವಂಥದು. ಅಂಗಡಿಯವನು ಅಣ್ಣನ ಗುರುತಿನವನು. "ಎರಡೂ ಒಯ್ರಿ, ತೆಗೆದು ನೋಡ್ರಿ, ಒಂದು ತಂದುಕೊಡ್ರಿ" ಅಂದ.

ಮನೆಯಲ್ಲಿ ಅಣ್ಣ ಉದ್ದನೆಯದನ್ನು ಕೂಡಿಸಿ ಅವ್ವನಿಗೆ ತೋರಿಸಿದ. ಆ ಕ್ಯಾಮೆರಾದಲ್ಲಿ ಮೇಲಿನ ಗಾಜಿನೊಳಗೆ ಬಗ್ಗಿ ನೋಡಬೇಕು. ದೂರದ ಬೇವಿನ ಗಿಡದ ಮೇಲಿನ ಕಾಗೆ ಅವ್ವನಿಗೆ ಎದುರೇ ಕಂಡಿತು. ಅವಳು ತಲೆ ಎತ್ತಿ ಕೇಳಿದ್ದು ಒಂದೇ ಮಾತು: "ಹೊಳಿ ಆಚಿ ಮಂದಿ ಕಾಣತಾರೇನೋ?"

ಕೊರ್ಲಹಳ್ಳಿಯಲ್ಲಿ ಅಪ್ಪನ ತಂಗಿ ಇದ್ದಳು. ಅಕ್ಕ ಮುಂಜಾನೆ ಆಚೆ ದಂಡೆಗೆ ಅರಿವೆ ಒಗೆಯಲು ಬರುತ್ತಾಳೆಂದು ಅತ್ತೆ ಹೇಳಿಕಳಿಸಿದ್ದಳು. ಅತ್ತೆಯನ್ನು ನೋಡಿಬರುತ್ತೇವೆಂದಷ್ಟೇ ಅಪ್ಪನಿಗೆ ಹೇಳಿ, ಅವ್ವ, ಅಣ್ಣ, ನಾನು ಮುಂಡರಗಿಯವರೆಗೆ ಬಸ್ಸಿನಲ್ಲಿ, ಮುಂದೆ ಚಕ್ಕಡಿಯಲ್ಲಿ ಹೋದೆವು. ಮರುದಿನ ಬಿಸಿಲೇರುವ ಮೊದಲೇ ದಂಡೆಯ ಮೇಲೆ ನಿಂತೆವು. ಹೊಳೆ ತುಂಬಿ ಹರಿಯುತ್ತಿತ್ತು, ಹರಿಗೋಲು ಬಿಡುವಂತಿರಲಿಲ್ಲ.

ಆಚೆ ನಾಲ್ಕಾರು ಹೆಂಗಸರು ಇಳಿದು ಬಂದರು. ನಡಿಗೆಯಿಂದಲೇ ನನಗೆ ಅಕ್ಕ ತಿಳಿದಳು. ಅವ್ವ ಗಾಜಿಗೆ ಬಗ್ಗಿದಳು. ಅದರಲ್ಲಿ ಎಡ ಬಲ ಅದಲುಬದಲಾಗಿ ಕಾಣುತ್ತದೆ. ಅಕ್ಕ ಅತ್ತ ಸರಿದರೆ ಅವ್ವ ಇತ್ತ ಹುಡುಕುವಳು.

"ಎಲ್ಲಿ ಹೋದ್ಲೋ? ಈಗ ಇದ್ಲಲ್ಲೋ!"

"ಅಲ್ಲೇ ಅದಾಳ ತಡೀಬೇ" ಎಂದು ಅಣ್ಣ ಕ್ಯಾಮೆರಾ ಹೊರಳಿಸಿದ.

ಅಕ್ಕ ಬಗ್ಗಿ ಒಗೆಯಲಿಲ್ಲ. ಕುಳಿತು ಒಗೆದಳು. ಏಳುವಾಗ ಒಂದು ಕೈ ನೆಲಕ್ಕೂರಿ, ಇನ್ನೊಂದನ್ನು ನಡುವಿಗೆ ಕೊಟ್ಟಳು. ಅವ್ವ ಗಾಜಿಗೆ ಇನ್ನಷ್ಟು ಬಗ್ಗಿದಳು.

"ಬಸರದಾಳ" ಅಂದಳು. "ನನ್ನ ಮಗಳು ಬಸರದಾಳ, ನನಗ ಖಬರಿಲ್ಲ."

ನಾನು ಕೈಯೆತ್ತಿ ಕೂಗಿದೆ. ಹೊಳೆಯ ಸಪ್ಪಳದಲ್ಲಿ ಕೇಳಿಸಿರಲಿಕ್ಕಿಲ್ಲ. ಅಣ್ಣ ಫೋಟೋ ತೆಗೆದ. ದೊಡ್ಡದು ಮಾಡಿಸಿದ ಮೇಲೂ ಅದರಲ್ಲಿ ಅಕ್ಕ ಜೋಳದ ಕಾಳಿನಷ್ಟಿದ್ದಳು.

ಊರಿಗೆ ಬಂದು ಅವ್ವ ಅಪ್ಪನ ಮುಂದೆ ಎಲ್ಲವನ್ನೂ ಹೇಳಿದಳು. ಅಪ್ಪ ಸಿಟ್ಟಾಗಲಿಲ್ಲ.

"ಎಷ್ಟ ತಿಂಗಳದಾಗ ಅದಾಳಂತ?"

"ಹೊಳಿ ಈ ಕಡಿಂದ ಹೆಂಗ ಕೇಳ್ಲಿ?"

ಅಪ್ಪ ಎದ್ದು ಪೇಟೆಗೆ ಹೋಗಿ ಹಸಿರು ಸೀರೆ ತಂದ. ಬಸುರಿಗೆ ಮಾಡುವ ಕುಬಸದ ಶಾಸ್ತ್ರಕ್ಕೆಂದು ಅದನ್ನು ಅಣ್ಣ ಒಯ್ದುಕೊಟ್ಟ. ಅವರು ಸೀರೆ ಇಟ್ಟುಕೊಂಡರು, ಬಾಣಂತನಕ್ಕೆ ಮಾತ್ರ ಕಳಿಸಲಿಲ್ಲ.

ಲೆನ್ಸು ಹಿಂದಿರುಗಿಸುವ ದಿನ ಬಂತು. "ಉದ್ದಂದ ಇಟ್ಕೋಪಾ" ಅಂದಳು ಅವ್ವ.

"ಯವ್ವಾ, ಮದಿವಿ ಮನ್ಯಾಗ ಇದನ್ನ ಹಿಡ್ಕೊಂಡು ಹಿಂದ ಸರಿಯಾಕ ಜಾಗಾ ಎಲ್ಲೈತಿ? ಬರೇ ಮಾರಿ ಬರ್ತಾವು, ಮಂದಿ ಬರೂದಿಲ್ಲ. ನನ್ನ ಹೊಟ್ಟಿಪಾಡು ಐತಿ."

ಅಣ್ಣ ಹೇಳಿದ್ದು ಖರೆ ಇತ್ತು. ಉದ್ದನೆಯದನ್ನು ಅರಿವೆಯಲ್ಲಿ ಸುತ್ತಿ ಚೀಲದಲ್ಲಿಡುವಾಗ ಅವನೂ ನಮ್ಮ ಮುಖ ನೋಡಲಿಲ್ಲ.

ಏಕೀಕರಣದ ಹೊತ್ತಿಗೆ ಮೈದುನನ ಮದುವೆ ಬೇರೆ ಕಡೆ ಆಗಿ, ಬೀಗರ ಮನಸ್ಸು ಮೆತ್ತಗಾಗಿತ್ತು. ಮಗಳನ್ನು ಕಟ್ಟಿಕೊಂಡು ಅಕ್ಕ ಕೊನೆಗೂ ಬಂದಳು. ನಾನಾಗ ಧಾರವಾಡದಲ್ಲಿ ಶಿಕ್ಷಕಿಯ ತರಬೇತಿಯಲ್ಲಿದ್ದೆ. ಖಬರು ತಡವಾಗಿ ಮುಟ್ಟಿ, ನಾನು ಮನೆ ಸೇರುವಷ್ಟರಲ್ಲಿ ಅಕ್ಕ ಹೊರಟುಹೋಗಿದ್ದಳು. ಅಣ್ಣ ತೆಗೆದ ಫೋಟೋ ಇತ್ತು. ರೆಪ್ಪೆಗೂದಲು ಸಹ ಎಣಿಸುವ ಹಾಗೆ ಬಂದಿತ್ತು. ಅಕ್ಕನ ದೃಷ್ಟಿ ಮಾತ್ರ ಪಕ್ಕಕ್ಕಿತ್ತು.

"ಬಾಗಲಾ ನೋಡಾಕತ್ತಿದ್ಲು" ಅಂದಳು ಅವ್ವ. "ಯಾರರ ಬಂದ ಸಪ್ಪಳಾದ್ರ ನೀನ ಬಂದಿ ಅಂತಿದ್ಲು."

ಸಂಬಂಧ ಬೇಡವೆಂದ ಮೇಲೆ ಅಕ್ಕನ ಮನೆಯ ಮೆಟ್ಟಿಲು ನಾನು ತುಳಿಯುವಂತಿರಲಿಲ್ಲ. ಮುಂದಿನ ಪಂಚಮಿಯವರೆಗೆ ಕಾದೆ. ಆ ಪಂಚಮಿಗೆ ಅಕ್ಕ ಬಂದಳು. ಎದುರುಬದುರು ಕುಳಿತೆವು. ಅವಳ ಮಗಳು ಸೆರಗು ಜಗ್ಗಿ ಕೇಳಿದಳು: "ಇಕಿ ಯಾರಬೇ?"

"ನಿನ್ನ ಚಿಗವ್ವ" ಅಂದಳು ಅಕ್ಕ. ಹುಡುಗಿ ನನ್ನನ್ನು ದಿಟ್ಟಿಸಿ ನೋಡಿ ಅವಳ ಬೆನ್ನ ಹಿಂದೆ ಸರಿದಳು.