ಪುಟ್ಟ ಚಕ್ರದಡಿಯ ನಿಂಬೆಬೀಜ

ವೈಟ್‌ಫೀಲ್ಡಿನ ಈ ಗಂಡಸರು ಪುಟ್ಟ ಕಾರನ್ನು ಆಟಿಕೆ ಎನ್ನುವುದಿಲ್ಲ. ಅದು ‘ಪೀಸ್’. ಅದನ್ನು ಕೊಂಡೆ ಎಂದೂ ಹೇಳುವುದಿಲ್ಲ, ‘ಅಕ್ವೈರ್ ಮಾಡ್ದೆ’ ಎನ್ನುತ್ತಾರೆ. ತಂದ ಮೇಲೆ ಡಬ್ಬಿಯಿಂದ ಹೊರಗೆ ತೆಗೆಯುವುದಿಲ್ಲ, ತೆಗೆದರೆ ಬೆಲೆ ಬಿದ್ದುಹೋಗುತ್ತದಂತೆ. ಕೈಯಲ್ಲಿ ಹಿಡಿದು ನೋಡದ ಮೇಲೆ ಇಷ್ಟೆಲ್ಲ ಯಾಕೆ ಎಂದು ನಾನೊಮ್ಮೆ ಕೇಳಿದ್ದೆ. “ಅದು ನಿಮಗೆ ಅರ್ಥ ಆಗಲ್ಲ ಬಿಡಿ ಮೇಡಂ” ಎಂಬ ಉತ್ತರ ಬಂತು.

ಪುಟ್ಟ ಕಾರುಗಳನ್ನು ಕೂಡಿಡುವವರ ಈ ಸಂಘಕ್ಕೆ ನಾನು ಮೊದಲ ಸಲ ಹೋದದ್ದು ಅಧ್ಯಕ್ಷರ ವಿಲ್ಲಾದಲ್ಲಿ ನಡೆದ ಸಭೆಗೆ. ಒಂದಿಡೀ ಗೋಡೆಗೆ ಗಾಜಿನ ಕಪಾಟು, ಒಳಗೆಲ್ಲ ದೀಪ, ದೀಪದ ಕೆಳಗೆ ಬಿಚ್ಚದ ಡಬ್ಬಿಗಳು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವರು ಹಗಲಲ್ಲೇ ದೀಪ ಹಾಕಿದ್ದರು.

“ಮಗನಿಗಾ ಮೇಡಂ?” ಎಂದು ಅಧ್ಯಕ್ಷರು ಕೇಳಿದರು.

“ಅಲ್ಲ, ನನಗೇ.”

“ಓ, ಹಸ್ಬೆಂಡ್‌ಗಾ! ಅವರನ್ನೂ ಕರ್ಕೊಂಡ್ ಬನ್ನಿ.”

ನನಗೆ ಮಗನೂ ಇಲ್ಲ, ಅವರಿಗೆ ಕಿವಿಯೂ ಇಲ್ಲ.

ನನ್ನ ಕೆಲಸ ಅತ್ತಿಬೆಲೆಯ ಫ್ಯಾಕ್ಟರಿಯೊಂದರಲ್ಲಿ. ಯಂತ್ರದ ಗೇರ್ ಚಕ್ರಗಳನ್ನು ಅಳೆದು ನೋಡಿ ಸರಿಯಿಲ್ಲದ್ದನ್ನು ಸರಿಯಿಲ್ಲ ಎಂದು ಹೇಳುವುದು. ಅದಕ್ಕೇ ಸಂಬಳ ಕೊಡುತ್ತಾರೆ, ಹಾಗಾಗಿ ಆ ಚಾಳಿ ಮನೆಗೂ ಬರುತ್ತದೆ. ಕೆಲವು ವರ್ಷಗಳ ಹಿಂದೆ ನಮ್ಮ ಗೇರು ಕೊಳ್ಳುವ ಕಂಪನಿಯಿಂದ ತಪಾಸಣೆಗೆ ಬಂದ ಫ್ರಾನ್ಸಿನ ಮುದುಕರೊಬ್ಬರು ಹೊರಡುವಾಗ ನನ್ನ ಕೈಗೆ ಒಂದು ನೀಲಿ ಕಾರು ಇಟ್ಟರು. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುವಷ್ಟು ಸಣ್ಣದು. ನೀಲಿ ಅವರ ದೇಶದ ರೇಸಿನ ಬಣ್ಣವಂತೆ. ಬಾಗಿಲ ಮೇಲೆ ಬಿಳಿಯ ವೃತ್ತ, ಅದರೊಳಗೆ ನಂಬರು. ಅವರ ಹಳೆಯ ಕಾಲದ ಇಪ್ಪತ್ನಾಲ್ಕು ಗಂಟೆಯ ಓಟದಲ್ಲಿ ಇಂಥ ಪುಟ್ಟ ಎಂಜಿನ್ನಿನ ಕಾರುಗಳೂ ಓಡುತ್ತಿದ್ದವಂತೆ. ದೊಡ್ಡ ಕಾರುಗಳನ್ನು ಹಿಂದೆ ಹಾಕುವ ಮಾತೇ ಇಲ್ಲ. ಆದರೆ ಎಂಜಿನ್ನಿನ ಗಾತ್ರಕ್ಕೆ ತಕ್ಕಂತೆ ಯಾರು ಹೆಚ್ಚು ಓಡಿದರು ಎಂದು ಲೆಕ್ಕ ಹಾಕಿ ಕೊಡುವ ಬೇರೊಂದು ಬಹುಮಾನವಿತ್ತು, ಇವು ಅದಕ್ಕಾಗಿ ಹಗಲೂ ರಾತ್ರಿ ಓಡುತ್ತಿದ್ದವು. ಎಂಥ ನ್ಯಾಯದ ಬಹುಮಾನ ಅನ್ನಿಸಿತು. ನಮ್ಮೂರಿನಲ್ಲಿ ಅಂಥದ್ದು ಯಾರಿಗೂ ಹೊಳೆದಿಲ್ಲ.

ಆಮೇಲೆ ನಾನು ಆ ಕಾಲದ ನೀಲಿ ಕಾರುಗಳನ್ನೇ ಹುಡುಕಿ ತರಿಸಿದೆ. ಕುಂದಲಹಳ್ಳಿಯ ನಮ್ಮ ಫ್ಲಾಟಿನ ಹಾಲಿನಲ್ಲಿ ಅವಕ್ಕೆಂದು ಒಂದು ಹಲಗೆ ಹೊಡೆಸಿದೆ. ಗಂಡನಿಗೆ ನಗು. ಅವನ ಹತ್ತಿರ ಬಸ್ಸಿನಷ್ಟು ದೊಡ್ಡ ಕಾರಿದೆ. ಬೇಸ್‌ಮೆಂಟಿನಿಂದ ಹೊರಟು ಸಿಗ್ನಲ್ಲಿನಲ್ಲಿ ನಿಂತು, ಮುಂದಿನ ಸಿಗ್ನಲ್ಲಿನಲ್ಲಿ ಮತ್ತೆ ನಿಂತು ಆಫೀಸು ಸೇರುತ್ತದೆ. ನನಗೂ ಲೈಸೆನ್ಸ್ ಇದೆ, ಆದರೆ ಕೀ ಕೊಡುವುದಿಲ್ಲ. “ನೀನ್ ಎಲ್ಲಾದ್ರೂ ಉಜ್ಜಿಬಿಡ್ತೀಯ ಕಣೇ” ಎನ್ನುತ್ತಾನೆ. ನಾನು ಕಂಪನಿ ಬಸ್ಸಿನಲ್ಲಿ ಹೋಗುತ್ತೇನೆ.

ನಮ್ಮ ಜೊತೆಗಿರುವ ಅತ್ತೆ ಹಾವೇರಿ ಕಡೆಯವರು. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಮಾತು. ಹಲಗೆಯ ಮೇಲಿನ ಕಾರುಗಳಿಗೆ ಅವರಿಟ್ಟ ಹೆಸರು ‘ಆಟಗಿ ಸಾಮಾನ’. ಬಂದವರಿಗೆಲ್ಲ, “ನಮ್ಮ ಸೊಸಿ ಆಟಗಿ ಸಾಮಾನ ನೋಡ್ರಿ” ಎಂದು ತೋರಿಸುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು.

ಹಬ್ಬ ಮುಗಿದ ಮೇಲೆ ಮಾಲ್ ಒಂದರಲ್ಲಿ ಸಂಘದ ಪ್ರದರ್ಶನ ಇದೆ ಎಂದು ದಸರಾಕ್ಕೆ ಮೊದಲೇ ಗೊತ್ತಾಯಿತು. ನನಗೂ ಒಂದು ಮೇಜು ಕೊಟ್ಟರು. ಅಲ್ಲಿ ಹೆಂಗಸಿನ ಮೇಜು ಅದೊಂದೇ. ಸಂಘದ ಆ ಗಂಡಸರನ್ನು ಕಂಡರೆ ಅಸಹ್ಯ ಎನ್ನುವುದೂ ನಿಜ, ಅವರ ನಡುವೆ ನನಗೊಂದು ಮೇಜು ಬೇಕು ಎಂದು ಜೀವ ಹಾತೊರೆಯುತ್ತಿದ್ದುದೂ ನಿಜ. ಮುದುಕರು ಕೊಟ್ಟ ಕಾರನ್ನು ಎಲ್ಲಕ್ಕಿಂತ ಮುಂದೆ ನಿಲ್ಲಿಸುವುದು, ಯಾರಾದರೂ ಕೇಳಿದರೆ ಆ ಬಹುಮಾನದ ಕಥೆ ಹೇಳುವುದು. ಬಸ್ಸಿನಲ್ಲಿ ಕೂತು ಆ ಕಥೆಯನ್ನು ಮನಸ್ಸಿನಲ್ಲೇ ಬಾಯಿಪಾಠ ಮಾಡುತ್ತಿದ್ದೆ.

ಆಯುಧಪೂಜೆಯ ದಿನ ಫ್ಯಾಕ್ಟರಿಯಲ್ಲಿ ಯಂತ್ರಗಳಿಗೆಲ್ಲ ಪೂಜೆ ಮುಗಿಸಿ, ಕಡ್ಲೆಪುರಿ ಪೊಟ್ಟಣ ಹಿಡಿದು ಮನೆಗೆ ಬಂದೆ. ಕೆಳಗೆ ಗಂಡನ ಕಾರಿಗೆ ಬಾಳೆಕಂದು, ಚೆಂಡುಹೂವಿನ ಹಾರ. ಚಕ್ರದ ಕೆಳಗೆ ಅಪ್ಪಚ್ಚಿಯಾದ ನಿಂಬೆಹಣ್ಣು. ಮೇಲೆ ಬಂದು ನೋಡಿದರೆ ನನ್ನ ಹಲಗೆಯ ಮುಂದೆ ಊದಿನಕಡ್ಡಿ ಉರಿಯುತ್ತಿತ್ತು. ಪ್ರತಿ ಕಾರಿನ ಮೂತಿಗೂ ಮೂರು ಎಳೆ ವಿಭೂತಿ. ಬಿಳಿಯ ವೃತ್ತಗಳ ಮೇಲೆ ಗಂಧ, ಗಂಧದ ಮೇಲೆ ಒದ್ದೆ ಕುಂಕುಮ. ಚಕ್ರಗಳ ಕೆಳಗೆ ಒಂದೊಂದು ನಿಂಬೆಬೀಜ. ಹಣ್ಣು ಇಡಲು ಜಾಗವಿಲ್ಲವೆಂದು ಬೀಜ ಇಟ್ಟಿದ್ದರು.

ನಾನು ಕಿರುಚಿದೆ. “ಯಾರು ಹೇಳಿದ್ರು ನಿಮಗೆ ಇದನ್ನ ಮಾಡಿ ಅಂತ? ಆಟದ ಸಾಮಾನು ಅಂತಿದ್ರಲ್ಲ, ಆಟದ ಸಾಮಾನಿಗೆ ಪೂಜೆ ಯಾಕೆ?”

ಅತ್ತೆ ಬೆಚ್ಚಿದರು. ಆಮೇಲೆ ಸಾವರಿಸಿಕೊಂಡು, “ಗಾಲಿ ಅದಾವ, ಗಾಡಿ ಅಲ್ಲೇನು ಮತ್ತ?” ಎಂದರು. “ಗಂಡನ ಗಾಡಿಗೆ ಪೂಜಿ ಮಾಡಿ, ನಿನ್ನ ಗಾಡಿ ಹಂಗ ಬಿಟ್ರ ಹೆಂಗವಾ?”

ಸಿಟ್ಟಿನಲ್ಲಿ ನಾನು ಆ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಬಟ್ಟೆ ಒದ್ದೆ ಮಾಡಿ ಒಂದೊಂದನ್ನೇ ಒರೆಸಿದೆ. ವಿಭೂತಿ ಹೋಯಿತು, ಗಂಧ ಹೋಯಿತು. ಒಂದನ್ನು ಬಿಟ್ಟು ಉಳಿದವುಗಳ ಕುಂಕುಮವೂ ಹೋಯಿತು. ಮುದುಕರು ಕೊಟ್ಟ ಕಾರು ಎಲ್ಲಕ್ಕಿಂತ ಹಳೆಯದು, ಅದರ ಬಿಳಿಯ ಬಣ್ಣ ಮಾತ್ರ ಕುಂಕುಮವನ್ನು ಕುಡಿದುಬಿಟ್ಟಿತ್ತು. ಎಷ್ಟು ಉಜ್ಜಿದರೂ ನಂಬರಿನ ಸುತ್ತ ಗುಲಾಬಿ ಕಲೆ ಹಾಗೇ ಉಳಿಯಿತು.

ಆದರೂ ಪ್ರದರ್ಶನದ ದಿನ ಉಳಿದವುಗಳ ಜೊತೆ ಅದನ್ನೂ ತೆಗೆದುಕೊಂಡು ಹೋದೆ. ಮಾಲ್ ನೋಡಬೇಕೆಂದು ಅತ್ತೆಯೂ ಜೊತೆಗೆ ಬಂದರು. ಪಾರ್ಕಿಂಗಿನಲ್ಲಿ ಅಧ್ಯಕ್ಷರ ಕಾರು ನಿಂತಿತ್ತು, ಮೂತಿಯಲ್ಲಿ ಬಾಡಿದ ಚೆಂಡುಹೂವಿನ ಹಾರ, ಬಾನೆಟ್ಟಿನ ಮೇಲೆ ಕೈಯಗಲದ ಕುಂಕುಮ. ಒಳಗೆ ಅಧ್ಯಕ್ಷರು ನನ್ನ ಮೇಜಿಗೆ ಬಂದು, ಎಲ್ಲಕ್ಕಿಂತ ಮುಂದೆ ನಿಲ್ಲಿಸಿದ್ದ ಆ ಕಾರನ್ನು ಎರಡು ಬೆರಳಲ್ಲಿ ಎತ್ತಿದರು.

“ಇದೇನ್ ಮೇಡಂ, ಪಿಂಕ್?”

“ಕುಂಕುಮ. ಆಯುಧಪೂಜೇದು.”

“ಅಯ್ಯೋ, ಪೀಸ್ ಹೋಯ್ತಲ್ಲ!” ಎನ್ನುತ್ತ ಕಾರನ್ನು ತಿರುಗಿಸಿದರು. ಹಿಂದಿನ ಚಕ್ರದ ಸಂದಿಯಿಂದ ಒಣಗಿದ ನಿಂಬೆಬೀಜವೊಂದು ಮೇಜಿನ ಮೇಲೆ ಬಿತ್ತು. ಗೇರಿನ ಮೇಲೆ ಕೂದಲೆಳೆಯ ಗೀರಿದ್ದರೂ ಹಿಡಿಯುವ ನನ್ನ ಕಣ್ಣಿಗೆ ಅದು ತಪ್ಪಿಹೋಗಿತ್ತು. ಅಧ್ಯಕ್ಷರು ಗಟ್ಟಿಯಾಗಿ ನಕ್ಕರು. “ಬನ್ರೋ ಇಲ್ಲಿ! ಮೇಡಂ ನಿಂಬೆಹಣ್ಣೂ ಇಟ್ಟಿದಾರೆ, ಆದ್ರೆ ಕಾರಿನ ಸೈಜಿಗೆ ಸ್ಕೇಲ್ ತಪ್ಪಿಹೋಗಿದೆ ಕಣ್ರೋ!” ಸುತ್ತಲಿದ್ದವರೆಲ್ಲ ನಕ್ಕರು. ನಗು ಮುಗಿದ ಮೇಲೆ ಅವರು, “ಬೇರೆದೆಲ್ಲ ಇಡಿ, ಪರವಾಗಿಲ್ಲ. ಇದೊಂದನ್ನ ಮಾತ್ರ ಬ್ಯಾಗಲ್ಲಿ ಹಾಕ್ಕೊಂಡ್ಬಿಡಿ” ಎಂದರು.

ಅತ್ತೆ ಅಷ್ಟು ಹೊತ್ತು ಅಧ್ಯಕ್ಷರ ಮೇಜಿನ ಮೇಲಿನ ಡಬ್ಬಿಗಳನ್ನು ನೋಡುತ್ತಿದ್ದರು. “ಇವು ಎಷ್ಟಕ್ಕ ಒಂದ್ರೀ?” ಎಂದು ಕೇಳಿದರು.

“ಮಾರೋಕಲ್ಲಮ್ಮ ಅದು. ಕಲೆಕ್ಷನ್.”

“ಮಾರಾಕಲ್ಲಂದ್ರ ಮತ್ತ ಡಬ್ಬಿ ಯಾಕ ಬಿಚ್ಚಿಲ್ಲ?”

ಅಧ್ಯಕ್ಷರು ಫೋನ್ ತೆಗೆದರು. ನಾನು ನನ್ನ ಕಾರುಗಳನ್ನೆಲ್ಲ ಒಂದೊಂದಾಗಿ ಬ್ಯಾಗಿಗೆ ತುಂಬಿದೆ. ಮುಂದೆ ನಿಲ್ಲಬೇಕಾದ್ದೇ ಒಳಗಿದ್ದ ಮೇಲೆ ಹಿಂದಿನವು ಯಾರ ಮುಂದೆ ನಿಲ್ಲಬೇಕು? ಯಾರೂ ತಡೆಯಲಿಲ್ಲ. ಮೇಜು ಖಾಲಿಯಾಗುವುದರೊಳಗೆ ಪಕ್ಕದವನೊಬ್ಬ ತನ್ನ ಡಬ್ಬಿಗಳನ್ನು ಅದರ ಮೇಲಕ್ಕೆ ಸರಿಸಿದ. ಅಂಥವರ ಮುಂದೆ ಅಳುವಷ್ಟು ಅಗ್ಗದವಳಲ್ಲ ಎಂದುಕೊಂಡು ಹೊರಗೆ ಬಂದು ಆಟೋ ಹತ್ತಿದೆ. ಬಾಯಿಪಾಠ ಮಾಡಿದ ಕಥೆ ಹಾಗೇ ಉಳಿಯಿತು.

ಆಟೋದಲ್ಲಿ ಅತ್ತೆ ಕಲೆಯಾದ ಕಾರನ್ನು ಕೇಳಿ ತೆಗೆದುಕೊಂಡರು. ಮಡಿಲಲ್ಲಿಟ್ಟುಕೊಂಡು, ಸೆರಗಿನ ತುದಿಯಿಂದ ಆ ಕಲೆಯನ್ನು ಮೆಲ್ಲಗೆ ಉಜ್ಜುತ್ತ ಬಂದರು. ಅದು ಹೋಗುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ಸಿಗ್ನಲ್ಲಿನಲ್ಲಿ ಆಟೋ ನಿಂತಾಗ ನನ್ನ ಮುಖ ನೋಡದೆ ಕೇಳಿದರು:

“ನಾ ಪೂಜಿ ಮಾಡಬಾರದಿತ್ತೇನವಾ?”

ಆ ದಿನ ನಾನು ಕೇಳಿಸಿಕೊಳ್ಳದೆ ಬಿಟ್ಟಿದ್ದ ಮಾತು ಆಗ ಕೇಳಿಸಿತು. ನಿನ್ನ ಗಾಡಿ ಅಂದಿದ್ದರು. ಇಡೀ ಬೆಂಗಳೂರಿನಲ್ಲಿ ಅವನ್ನು ಹಾಗೆ ಕರೆದವರು ಅವರೊಬ್ಬರೇ.

“ಮುಂದಿನ ವರ್ಷ ಬಿಳಿ ಜಾಗ ಬಿಟ್ಟು ಹಚ್ಚಿ ಅತ್ತೆ” ಎಂದೆ.